ಹಿಜ್ರತ್, ವಲಸೆ, ಬೆಂಗಳೂರಿನ ಬದುಕು: ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರ ಬೆಳಗ್ಗೆ ನಮ್ಮ ಮೊಹಲ್ಲಾದ ಮಸೀದಿಯ ಮೇಲಂತಸ್ತಿನಲ್ಲಿ ಮಕ್ಕಳಿಗೆ ಕನ್ನಡದಲ್ಲಿ ದೀನಿನ, ಅಂದರೆ ಧರ್ಮದ, ಪಾಠ ನಡೆಯುತ್ತದೆ. ಪಾಠ ಹೇಳುವವರಲ್ಲಿ ನಾನೂ ಒಬ್ಬ. ಮಕ್ಕಳನ್ನು ಬಿಡಲು ಬರುವ ಅಪ್ಪ ಅಮ್ಮಂದಿರು ಮೆಟ್ಟಿಲ ಮೇಲೆ ನಿಂತು ಕೇಳುವ ಪ್ರಶ್ನೆಗಳು ವರ್ಷದಿಂದ ವರ್ಷಕ್ಕೆ ಅವೇ. ಕೆಲವು ಆಫೀಸಿನ ಹಿಂದೂ ಗೆಳೆಯರು ಊಟದ ಹೊತ್ತಿನಲ್ಲಿ ಕೇಳಿದವು. ಬಾಯಲ್ಲಿ ಹೇಳಿ ಹೇಳಿ ಸಾಕಾಗಿ ಬರೆದಿಟ್ಟಿದ್ದೇನೆ. ನಾನು ಆಲಿಮ್, ಅಂದರೆ ಧರ್ಮಶಾಸ್ತ್ರ ಓದಿದ ವಿದ್ವಾಂಸ, ಅಲ್ಲ. ಪುತ್ತೂರು ಕಡೆಯ ಬ್ಯಾರಿ, ಹೊಟ್ಟೆಪಾಡಿಗೆ ಬೆಂಗಳೂರಿಗೆ ಬಂದು 22 ವರ್ಷವಾಯಿತು. ಫತ್ವಾ ಬೇಕಾದವರು ಮುಫ್ತಿಗಳ ಹತ್ತಿರ ಹೋಗಿ, ಹರಟೆ ಸಾಕು ಅನ್ನುವವರು ಮುಂದೆ ಓದಿ.

ಹಿಜ್ರತ್ ಅಂದರೆ ವಲಸೆ ತಾನೇ? ಹಾಗಾದರೆ ಬೆಂಗಳೂರಿಗೆ ಬಂದ ನಾವೂ ಹಿಜ್ರತ್ ಮಾಡಿದವರಾ?

ಅಲ್ಲ. ಕೆಲಸ ಸಿಕ್ಕಿತು, ಬಂದೆವು. ಅದಕ್ಕೆ ಅಷ್ಟು ದೊಡ್ಡ ಹೆಸರು ಬೇಡ. ನಂಬಿಕೆಯಂತೆ ಬದುಕಲು ಬಿಡದ ಊರನ್ನು, ನಂಬಿಕೆ ಉಳಿಸಿಕೊಳ್ಳಲೆಂದೇ ಬಿಟ್ಟು ಹೊರಡುವುದು ಹಿಜ್ರತ್. 622ರಲ್ಲಿ ಪ್ರವಾದಿಯವರು ಮಕ್ಕಾ ಬಿಟ್ಟು ಮದೀನಕ್ಕೆ ಹೋದದ್ದು ಎಲ್ಲರಿಗೂ ಗೊತ್ತು. ಖಲೀಫ ಉಮರ್ ಅವರ ಕಾಲದಲ್ಲಿ ನಮ್ಮದೇ ಕ್ಯಾಲೆಂಡರ್ ಬೇಕೆಂದಾಗ, ಪ್ರವಾದಿಯವರು ಹುಟ್ಟಿದ ವರ್ಷವನ್ನು ಬಿಟ್ಟು ಈ ಹೊರಟ ವರ್ಷವನ್ನೇ ಒಂದನೆಯದೆಂದು ಎಣಿಸಿದರು.

ಆದರೆ ಮಕ್ಕಾ ಕೈಗೆ ಬಂದ ಮೇಲೆ ‘ಇನ್ನು ಹಿಜ್ರತ್ ಇಲ್ಲ’ ಎಂದವರೂ ಪ್ರವಾದಿಯವರೇ. ಅಲ್ಲಾಹನು ಬೇಡವೆಂದದ್ದನ್ನು ಬಿಟ್ಟವನೇ ಮುಹಾಜಿರ್ (ಹಿಜ್ರತ್ ಮಾಡಿದವನು) ಎಂದು ಪ್ರವಾದಿಯವರ ಇನ್ನೊಂದು ಮಾತು, ಅಂದರೆ ಹದೀಸ್, ಇದೆ. ಅಂದರೆ ಮನೆಯಲ್ಲಿ ಕೂತೇ ಹಿಜ್ರತ್ ಮಾಡಬಹುದು. ಬುಖಾರಿ ಎಂಬ ಹದೀಸ್ ಸಂಗ್ರಹದ ಮೊಟ್ಟಮೊದಲ ಹದೀಸ್ ಕೂಡ ಇದೇ ವಿಷಯ: ಯಾರು ಯಾವುದಕ್ಕೆಂದು ಹೊರಟನೋ ಅವನಿಗೆ ಸಿಗುವುದು ಅದೇ. ವೈಟ್‌ಫೀಲ್ಡಿನ ಸಂಬಳಕ್ಕೆಂದು ಹೊರಟವನ ಪಯಣ ವೈಟ್‌ಫೀಲ್ಡಿಗೇ.

ಮುಸ್ಲಿಮರಲ್ಲದವರ ಆಳ್ವಿಕೆಯಲ್ಲಿ ಅಲ್ಪಸಂಖ್ಯಾತರಾಗಿ ಇದ್ದುಬಿಡುವುದು ದೀನಿಗೆ ಒಪ್ಪುತ್ತದಾ?

ಈ ಪ್ರಶ್ನೆ ಕೇಳುವವರು ಹೆಚ್ಚಾಗಿ ಇಪ್ಪತ್ತರ ಆಚೀಚೆಯ ಹುಡುಗರು. ಮೊಬೈಲಿನಲ್ಲಿ ಯಾರದೋ ಅರ್ಧ ನಿಮಿಷದ ಭಾಷಣ ಕೇಳಿಕೊಂಡು ಬಂದಿರುತ್ತಾರೆ. ಅವರಿಗೆ ನಾನು ಹೇಳುವುದು ಪ್ರವಾದಿಯವರ ಸಂಗಾತಿ ಜಅಫರ್ ಅವರ ಕಥೆ.

ಮದೀನಕ್ಕಿಂತ ಮೊದಲು ಇನ್ನೊಂದು ಹಿಜ್ರತ್ ನಡೆದಿತ್ತು. 615ರ ಸುಮಾರಿಗೆ ಮಕ್ಕಾದ ಕಿರುಕುಳ ತಾಳದೆ ಒಂದು ಗುಂಪು ಕೆಂಪು ಸಮುದ್ರ ದಾಟಿ ಅಬಿಸೀನಿಯಕ್ಕೆ, ಈಗಿನ ಇಥಿಯೋಪಿಯ ಕಡೆಗೆ, ಹೋಯಿತು. ಅಲ್ಲಿನ ದೊರೆ ನಜಾಶಿ ಕ್ರೈಸ್ತ. ಇವರನ್ನು ಹಿಡಿದುಕೊಡಿ ಎಂದು ಮಕ್ಕಾದವರು ಉಡುಗೊರೆ ಹೊರಿಸಿಕೊಂಡು ಬಂದಾಗ, ಅಬೂ ತಾಲಿಬರ ಮಗ ಜಅಫರ್ ಆಸ್ಥಾನದಲ್ಲಿ ನಿಂತು ಮರ್ಯಮ್ ಅಧ್ಯಾಯ ಓದಿದರು. ಯೇಸುವಿನ ತಾಯಿಯ ಕಥೆ. ದೊರೆ ಕಣ್ಣೀರಿಟ್ಟ, ಉಡುಗೊರೆ ವಾಪಸ್ಸು ಹೋಯಿತು. ಇಲ್ಲಿಯವರೆಗೆ ಮದ್ರಸದಲ್ಲಿ ಎಲ್ಲರೂ ಕಲಿತದ್ದೇ.

ಇದರ ಮುಂದಿನ ಭಾಗ ಯಾರ ಕಣ್ಣಿಗೂ ಬೀಳುವುದಿಲ್ಲ. 622ರಲ್ಲಿ ಮದೀನ ಮುಸ್ಲಿಮರ ಊರಾಯಿತು. ಜಅಫರ್ ಮರುದಿನವೇ ಗಂಟುಮೂಟೆ ಕಟ್ಟಿದರಾ? ಇಲ್ಲ. ಅವರು ಮದೀನಕ್ಕೆ ಬಂದದ್ದು 628ರಲ್ಲಿ, ಅರೇಬಿಯದ ಖೈಬರಿನ ಯುದ್ಧ ಮುಗಿದ ಹೊತ್ತಿಗೆ. ನಡುವೆ ಬದ್ರ್ ಆಯಿತು, ಉಹುದ್ ಆಯಿತು, ಕಂದಕದ ಯುದ್ಧ ಆಯಿತು. ಆರು ವರ್ಷ ಅವರು ಕ್ರೈಸ್ತ ದೊರೆಯ ನೆರಳಿನಲ್ಲೇ ಇದ್ದರು. ಬಂದಾಗ ಪ್ರವಾದಿಯವರು ‘ಇಷ್ಟು ದಿನ ಯಾಕೆ ಬರಲಿಲ್ಲ’ ಎಂದು ಕೇಳಲಿಲ್ಲ. ಖೈಬರ್ ಗೆದ್ದ ಸಂತೋಷ ದೊಡ್ಡದೋ ಜಅಫರ್ ಬಂದ ಸಂತೋಷ ದೊಡ್ಡದೋ ತಿಳಿಯುತ್ತಿಲ್ಲ ಎಂದರು. ನಜಾಶಿ ತೀರಿಕೊಂಡ ಸುದ್ದಿ ಬಂದಾಗ ಮದೀನದಲ್ಲೇ ನಿಂತು ಅವರಿಗಾಗಿ ಮಯ್ಯಿತ್ ನಮಾಝ್ (ತೀರಿಕೊಂಡವರಿಗಾಗಿ ಮಾಡುವ ನಮಾಝ್) ಮಾಡಿದರು.

ಹನ್ನೊಂದನೇ ಶತಮಾನದ, ಶಾಫಿಈ ಎಂಬ ಶಾಸ್ತ್ರ ಪಂಥದ ವಿದ್ವಾಂಸ ಮಾವರ್ದಿ ಇನ್ನೂ ಮುಂದೆ ಹೋಗುತ್ತಾರೆ. ನಿನ್ನ ಧರ್ಮವನ್ನು ಬಹಿರಂಗವಾಗಿ ಪಾಲಿಸಲು ಬಿಡುವ ಊರಿದ್ದರೆ ಅಲ್ಲಿಂದ ಹೋಗುವುದಕ್ಕಿಂತ ಅಲ್ಲಿ ಇರುವುದೇ ಮೇಲು, ಯಾಕೆಂದರೆ ನಿನ್ನನ್ನು ನೋಡಿ ಇನ್ನೊಬ್ಬ ದೀನನ್ನು ತಿಳಿದುಕೊಂಡಾನು ಅನ್ನುವುದು ಅವರ ಮಾತಿನ ಸಾರ.

ಬಿಟ್ಟು ಹೋಗಲೇಬೇಕು ಎಂದ ದೊಡ್ಡ ಉಲಮಾಗಳೂ (ಆಲಿಮರೂ) ಇದ್ದಾರಲ್ಲ?

ಇದ್ದಾರೆ. ಮುಚ್ಚಿಡುವುದೇನೂ ಇಲ್ಲ. ಮೊರೊಕ್ಕೋದ ಫೆಸ್ ಪಟ್ಟಣದ ವನ್ಶರೀಸಿ ಅವರಲ್ಲಿ ಹೆಸರುವಾಸಿ. 1491ರಲ್ಲಿ, ಸ್ಪೇನಿನ ಕೊನೆಯ ಮುಸ್ಲಿಂ ರಾಜ್ಯ ಗ್ರನಾಡ ಇನ್ನೇನು ಬೀಳಲಿದೆ ಅನ್ನುವಾಗ, ಅವರ ಮುಂದೆ ಒಂದು ಪ್ರಶ್ನೆ ಬಂತು. ಮಾರ್ಬೆಲ್ಲಾ ಊರಿನ ಒಬ್ಬ ಮನುಷ್ಯ. ಊರು ಕ್ರೈಸ್ತರ ಕೈ ಸೇರಿದೆ. ಅವನಿಗೆ ಹೊರಡಲು ಅನುಕೂಲವಿದೆ. ಆದರೆ ಉಳಿದ ಬಡಪಾಯಿಗಳ ಪರವಾಗಿ ಅಧಿಕಾರಿಗಳ ಹತ್ತಿರ ಮಾತಾಡಲು ಬೇರೆ ಯಾರೂ ಇಲ್ಲ. ಅವನು ಇರಬಹುದೇ? ವನ್ಶರೀಸಿ ಉತ್ತರ: ಕೂಡದು.

ನನಗೆ ಆ ಮಾರ್ಬೆಲ್ಲಾದವನನ್ನು ನೆನೆದಾಗಲೆಲ್ಲ ನಮ್ಮ ಮೊಹಲ್ಲಾದ ಒಬ್ಬ ಹಿರಿಯರು ಕಣ್ಣ ಮುಂದೆ ಬರುತ್ತಾರೆ. ರೇಷನ್ ಕಾರ್ಡು, ವಿಧವಾ ವೇತನ, ಜನನ ಪತ್ರದಲ್ಲಿ ತಪ್ಪಾದ ಹೆಸರು, ಎಲ್ಲದಕ್ಕೂ ಪ್ಲಾಸ್ಟಿಕ್ ಕವರಿನಲ್ಲಿ ಕಾಗದ ತುಂಬಿಕೊಂಡು ಕಚೇರಿಯಿಂದ ಕಚೇರಿಗೆ ಅಲೆಯುವವರು. ಅವರು ಹೊರಟುಹೋದರೆ ನಮ್ಮ ಬೀದಿಯ ಅರ್ಧ ಜನಕ್ಕೆ ದಿಕ್ಕಿಲ್ಲ.

ಹೋಗಲು ಹಡಗಿನ ದುಡ್ಡೇ ಇಲ್ಲದವರು ಏನು ಮಾಡಿದರು? ಅವರಿಗೆ 1504ರಲ್ಲಿ ಅಲ್ಜೀರಿಯದ ಓರಾನ್ ಮೂಲದ ಇನ್ನೊಬ್ಬ ಮುಫ್ತಿ ಬೇರೆಯೇ ಫತ್ವಾ ಕಳಿಸಿದರು. ಬಲವಂತದ ಮತಾಂತರದ ಕಾಲ ಅದು. ಹಗಲು ನಮಾಝ್ ಆಗದಿದ್ದರೆ ರಾತ್ರಿ ಮಾಡಿ, ನಿಲ್ಲಲಾಗದಿದ್ದರೆ ಸನ್ನೆಯಲ್ಲೇ ಮಾಡಿ, ನೀರು ಮುಟ್ಟಲು ಬಿಡದಿದ್ದರೆ ಗೋಡೆಗೆ ಕೈ ತಾಗಿಸಿ ತಯಮ್ಮುಮ್ (ನೀರಿಲ್ಲದ ಶುದ್ಧಿ) ಮಾಡಿಕೊಳ್ಳಿ, ಮನಸ್ಸು ಮಾತ್ರ ತಿರುಗದಿರಲಿ. ಒಂದೇ ಮಾಲಿಕಿ ಮದ್‌ಹಬಿನ (ಶಾಸ್ತ್ರ ಪಂಥದ) ಇಬ್ಬರು, ನಡುವೆ ಹದಿಮೂರು ವರ್ಷ. ಒಬ್ಬರು ಗ್ರಂಥ ನೋಡಿ ಬರೆದರು, ಇನ್ನೊಬ್ಬರು ಜನರನ್ನು ನೋಡಿ ಬರೆದರು ಎಂದು ನನಗನ್ನಿಸುತ್ತದೆ. 1609ರಿಂದ 1614ರ ಒಳಗೆ, ಅಲ್ಲೇ ಉಳಿದವರ ಮೊಮ್ಮಕ್ಕಳನ್ನೆಲ್ಲ ಸ್ಪೇನ್ ಹೇಗೂ ಹೊರಗೆ ಹಾಕಿತು. ಆದರೆ ನೂರು ವರ್ಷ ಅವರು ಗುಟ್ಟಾಗಿ ಹಿಡಿದುಕೊಂಡದ್ದು ಆ ಗೋಡೆಯ ತಯಮ್ಮುಮನ್ನು.

ಭಾರತದಿಂದ ಯಾರಾದರೂ ಹಾಗೆ ಹಿಜ್ರತ್ ಹೋದದ್ದುಂಟಾ?

1920ರಲ್ಲಿ. ಖಿಲಾಫತ್ ಚಳವಳಿಯ ಕಾವು ಏರಿದ ಕಾಲ. ಬ್ರಿಟಿಷರ ಕೆಳಗೆ ಬದುಕುವುದು ಹರಾಮು ಎಂಬ ಮಾತು ಹಬ್ಬಿತು. ಅಬುಲ್ ಕಲಾಂ ಆಝಾದರೂ ಹಿಜ್ರತ್ ಪರವಾಗಿ ಫತ್ವಾ ಬರೆದರು. ಸಿಂಧ್, ಪಂಜಾಬ್, ವಾಯವ್ಯ ಗಡಿನಾಡಿನ ಹತ್ತಾರು ಸಾವಿರ ಜನ ಹೊಲ, ಎತ್ತು, ಮನೆಗಳನ್ನು ಸಿಕ್ಕ ಬೆಲೆಗೆ ಮಾರಿ ಗಾಡಿ ಕಟ್ಟಿ ಖೈಬರ್ ಕಣಿವೆ ಹತ್ತಿದರು. ಸ್ವಾಗತ ಅಂದಿದ್ದ ಅಫ್ಘಾನ್ ಅಮೀರ ಅಮಾನುಲ್ಲಾ ಅಷ್ಟು ಜನರನ್ನು ನೋಡಿ ಆಗಸ್ಟ್‌ನಲ್ಲಿ ಗಡಿ ಮುಚ್ಚಿದರು. ಹಸಿವು, ಬಿಸಿಲು, ಕಾಯಿಲೆಗೆ ದಾರಿಯಲ್ಲೇ ಎಷ್ಟೋ ಜನ ಸತ್ತರು. ಬದುಕಿದವರಲ್ಲಿ ಹೆಚ್ಚಿನವರು ಬರಿಗೈಯಲ್ಲಿ ವಾಪಸ್ಸು ಬಂದರು. ಮಾರಿದ ಹೊಲ ಬೇರೆಯವರದಾಗಿತ್ತು.

ಆಝಾದರು ಆಮೇಲೆ ಎಲ್ಲಿದ್ದರು ಅನ್ನುವುದನ್ನೂ ಹುಡುಗರಿಗೆ ನೆನಪಿಸುತ್ತೇನೆ. ಸ್ವತಂತ್ರ ಭಾರತದ ಮೊದಲ ಶಿಕ್ಷಣ ಮಂತ್ರಿ. ಮಲಗಿರುವುದು ದಿಲ್ಲಿಯ ಜಾಮಾ ಮಸೀದಿಯ ಎದುರು.

‘ಪಾಕಿಸ್ತಾನಕ್ಕೆ ಹೋಗಿ’ ಅನ್ನುವವರಿಗೆ ಏನು ಉತ್ತರ ಕೊಡಬೇಕು?

ಏನೂ ಬೇಡ. ನಿಮ್ಮ ಬಸ್ಸು ಬಂದರೆ ಹತ್ತಿಕೊಂಡು ಮೆಜೆಸ್ಟಿಕ್‌ಗೆ ಹೋಗಿ.

ಬೆಂಗಳೂರಿನ ಮುಸ್ಲಿಮರೆಲ್ಲ ಎಲ್ಲಿಂದ ಬಂದವರು?

ಇದು ಆಫೀಸಿನ ಗೆಳೆಯರ ಪ್ರಶ್ನೆ. ‘ಎಲ್ಲ’ ಅನ್ನುವ ಪದವೇ ಇಲ್ಲಿ ಸರಿಹೊಂದುವುದಿಲ್ಲ. ಬಂದವರೂ ಇದ್ದಾರೆ, ಎಲ್ಲಿಂದಲೂ ಬರದೆ ಇಲ್ಲೇ ಇದ್ದು ಮುಸ್ಲಿಮರಾದವರೂ ಇದ್ದಾರೆ. ಚಿತ್ರದುರ್ಗ, ಬಳ್ಳಾರಿ ಕಡೆಯ ಪಿಂಜಾರರ ಮನೆಮಾತು ಕನ್ನಡ. ಹತ್ತಿ ಹಿಂಜುತ್ತಿದ್ದವರು, ಈಗ ಅವರ ಮಕ್ಕಳು ಬೆಂಗಳೂರಿನಲ್ಲಿ ಹಾಸಿಗೆ ಅಂಗಡಿಯಿಂದ ಸಾಫ್ಟ್‌ವೇರ್ ತನಕ ಎಲ್ಲ ಕಡೆ ಇದ್ದಾರೆ.

ದಖನಿ ಮಾತಾಡುವವರು ಹೆಚ್ಚು. ಶ್ರೀರಂಗಪಟ್ಟಣ ಬಿದ್ದ 1799ರ ನಂತರ ಇತ್ತ ಬಂದ ಮನೆತನಗಳಿವೆ. 1809ರಲ್ಲಿ ಕಂಟೋನ್ಮೆಂಟ್ ಆದಾಗ ತಮಿಳು ಮಾತಾಡುವ ಲಬ್ಬೆಗಳು, ರಾವುತ್ತರು ಬಂದರು. ಕಚ್ಛೀ ಮೇಮನರು ವ್ಯಾಪಾರಕ್ಕೆ ಬಂದವರು. ಶಿವಾಜಿನಗರದ ಘೋಷಾ ಆಸ್ಪತ್ರೆಗೆ ದುಡ್ಡು ಕೊಟ್ಟ ಹಾಜಿ ಸರ್ ಇಸ್ಮಾಯಿಲ್ ಸೇಠರು ಅವರಲ್ಲೊಬ್ಬರು. ಫ್ರೇಜರ್ ಟೌನಿನ ಮಾಸ್ಕ್ ರೋಡಿಗೆ ರಮಝಾನಿನಲ್ಲಿ ಸಮೋಸ ತಿನ್ನಲು ಹೋಗುತ್ತೀರಲ್ಲ, ಅಲ್ಲಿನ ಮಸೀದಿ ಅವರ ಹೆಸರಿನದು. ಇರಾನಿನ ಶಿರಾಝ್‌ನಿಂದ ಕುದುರೆ ಮಾರಲು ಬಂದ ಆಗಾ ಅಲಿ ಅಸ್ಕರ್ ಇಲ್ಲೇ ನೆಲೆ ನಿಂತರು. ಮೊಮ್ಮಗ ಸರ್ ಮಿರ್ಜಾ ಇಸ್ಮಾಯಿಲ್ 1926ರಿಂದ 1941ರವರೆಗೆ ಮೈಸೂರಿನ ದಿವಾನರು. ಗೌರಿಬಿದನೂರಿನ ಹತ್ತಿರದ ಅಲೀಪುರದ ಶಿಯಾಗಳು, ಬೋಹ್ರಾಗಳು, ಕೇರಳದ ಮಾಪಿಳ್ಳೆಗಳು, ಭಟ್ಕಳದ ನವಾಯತರು, ನಾವು ಬ್ಯಾರಿಗಳು. ಈಚೆಗೆ ಬಿಹಾರ, ಬಂಗಾಳ, ಅಸ್ಸಾಂ.

ಧರ್ಮದ ಕಾರಣಕ್ಕೇ ಕರ್ನಾಟಕಕ್ಕೆ ಬಂದವರು ಯಾರು ಎಂದು ಹುಡುಕಿದರೆ ಸೂಫಿಗಳ ಹೆಸರು ಸಿಗುತ್ತದೆ. ಕಲಬುರಗಿಯ ಖ್ವಾಜಾ ಬಂದೇ ನವಾಝ್ ದಿಲ್ಲಿ ಬಿಟ್ಟದ್ದು 1398ರಲ್ಲಿ, ತೈಮೂರ್ ಬರುತ್ತಿದ್ದಾನೆಂದು. ಆಗ ಅವರಿಗೆ ವಯಸ್ಸು ಎಪ್ಪತ್ತು ದಾಟಿತ್ತು. ಗಮನಿಸಿ, ಅವರು ಓಡಿದ್ದು ಒಬ್ಬ ಮುಸ್ಲಿಂ ದೊರೆಯ ದಂಡಿನಿಂದ. ನಮ್ಮ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನರ ದರ್ಗಾಕ್ಕೆ ಬೆಂಗಳೂರು ಕರಗ ಇವತ್ತಿಗೂ ಬಂದು ಹೋಗುತ್ತದೆ.

ಮಸೀದಿಯ ಬೋರ್ಡಿನಲ್ಲಿ ಸಂಜೆಗೆ ಮುಂಚಿನ ನಮಾಝ್ ಅಸರ್‌ಗೆ ಎರಡು ಸಮಯ ಯಾಕಿದೆ?

ಹೊಸದಾಗಿ ಮಂಗಳೂರು ಕಡೆಯಿಂದ ಬಂದವರಿಗೆ ಬೆಂಗಳೂರಿನಲ್ಲಿ ಮೊದಲು ಕಾಲಿಗೆ ತೊಡರುವುದು ಇದೇ. ನಾವು ಶಾಫಿಈಗಳು, ಇಲ್ಲಿನ ಹೆಚ್ಚಿನ ಮಸೀದಿಗಳು ಹನಫಿ ಪಂಥದವು. ವಸ್ತುವಿನ ನೆರಳು, ನಡು ಮಧ್ಯಾಹ್ನದ ನೆರಳನ್ನು ಕಳೆದು, ಅದರಷ್ಟೇ ಉದ್ದವಾದಾಗ ನಮಗೆ ಅಸರ್. ಎರಡರಷ್ಟಾದಾಗ ಅವರಿಗೆ. ಬೆಂಗಳೂರಿನಲ್ಲಿ ಎರಡರ ನಡುವೆ ಕಾಲಕ್ಕೆ ತಕ್ಕಂತೆ ಮುಕ್ಕಾಲು ಗಂಟೆಯಿಂದ ಒಂದೂಕಾಲು ಗಂಟೆ ಅಂತರ.

ಇದನ್ನು ಮಕ್ಕಳಿಗೆ ಬಾಯಲ್ಲಿ ಹೇಳಿದರೆ ಹತ್ತುವುದಿಲ್ಲ. ಅದಕ್ಕೆ ಏಪ್ರಿಲ್ 24ರ ಹೊತ್ತಿಗೆ ಮಸೀದಿಯ ತಾರಸಿಗೆ ಕರೆದುಕೊಂಡು ಹೋಗುತ್ತೇವೆ. ಆ ದಿನ ಬೆಂಗಳೂರಿಗೆ ಶೂನ್ಯ ನೆರಳು. ಒಂದು ಅಡಿಯ ಸ್ಕೇಲನ್ನು ಜೇಡಿಮಣ್ಣಿನಲ್ಲಿ ನೆಟ್ಟಗೆ ನಿಲ್ಲಿಸಿದರೆ ಮಧ್ಯಾಹ್ನ 12.17ರ ಹೊತ್ತಿಗೆ ನೆರಳು ಕಾಲಡಿಗೆ ಮಾಯ. ಹುಡುಗರು ಹೋ ಎನ್ನುತ್ತಾರೆ. ಊಟ ಮಾಡಿ ಬಂದು ನೋಡಿದರೆ ನೆರಳು ಬೆಳೆಯುತ್ತಿರುತ್ತದೆ. 3.20ರ ಸುಮಾರಿಗೆ ಒಂದು ಅಡಿ. ಸೀಮೆಸುಣ್ಣದಲ್ಲಿ ಗೆರೆ ಎಳೆದು ‘ಶಾಫಿಈ’ ಎಂದು ಬರೆಯುತ್ತೇವೆ. 4.40ರ ಸುಮಾರಿಗೆ ಎರಡು ಅಡಿ, ‘ಹನಫಿ’. ಕಳೆದ ವರ್ಷ ಒಬ್ಬಳು ಆರನೇ ಕ್ಲಾಸಿನವಳು ಎರಡು ಗೆರೆಗಳ ನಡುವೆ ಕೂತು, ‘ಸರ್, ಈಗ ನಾನು ಅಸರ್ ಒಳಗಿದ್ದೀನಾ ಹೊರಗಿದ್ದೀನಾ?’ ಎಂದಳು. ಯಾರ ಜೊತೆ ನಿಂತಿದ್ದೀ ಅನ್ನುವುದರ ಮೇಲೆ ಎಂದೆ.

ಅಂದಹಾಗೆ ಹನಫಿ ಪಂಥದ ಮೂಲಗುರು ಇಮಾಮ್ ಅಬೂ ಹನೀಫರ ಇಬ್ಬರು ದೊಡ್ಡ ಶಿಷ್ಯರು, ಅಬೂ ಯೂಸುಫ್ ಮತ್ತು ಮುಹಮ್ಮದ್, ಒಂದು ನೆರಳಿನ ಪರವಾಗಿದ್ದರು. ಆದ್ದರಿಂದ ಜಗಳಕ್ಕೆ ಮೊದಲು ಸ್ವಲ್ಪ ನೀರು ಕುಡಿಯಿರಿ. ನಾನು ಇಪ್ಪತ್ತೆರಡು ವರ್ಷದಿಂದ ಹನಫಿ ಇಮಾಮರ ಹಿಂದೆ ಸಾಮೂಹಿಕ ನಮಾಝ್ ಜಮಾಅತ್‌ಗೆ ನಿಲ್ಲುತ್ತಿದ್ದೇನೆ.

ಊರಿನಲ್ಲಿ ಇವತ್ತು ಈದ್, ಬೆಂಗಳೂರಿನಲ್ಲಿ ನಾಳೆ. ಯಾವುದನ್ನು ಮಾಡಬೇಕು?

ಇರುವ ಊರಿನದು. ಕರಾವಳಿಯ ಖಾಝಿಗಳು ಸಾಮಾನ್ಯವಾಗಿ ಕೇರಳದ ಚಂದ್ರದರ್ಶನವನ್ನೂ ಪರಿಗಣಿಸುತ್ತಾರೆ, ಬೆಂಗಳೂರು ಇಲ್ಲಿನ ಹಿಲಾಲ್ (ಚಂದ್ರದರ್ಶನ) ಸಮಿತಿಯ ಮಾತು ಕೇಳುತ್ತದೆ. ಆದ್ದರಿಂದ ಕೆಲವು ವರ್ಷ ಒಂದೇ ರಾಜ್ಯದಲ್ಲಿ ಎರಡು ಈದ್. ಊರಿನಿಂದ ಉಮ್ಮ ಫೋನು ಮಾಡಿ ತಿಂಡಿಗೆ ಏನೇನು ಮಾಡಿದ್ದೇವೆಂದು ವಿವರಿಸುವಾಗ ಇಲ್ಲಿ ನಾವು ಮೂವತ್ತನೇ ಉಪವಾಸದಲ್ಲಿ ಬಾಯಿ ಒಣಗಿಸಿಕೊಂಡು ಕೇಳುತ್ತಿರುತ್ತೇವೆ. ರಾತ್ರಿ ಬಸ್ಸಿನಲ್ಲಿ ಶಿರಾಡಿ ಘಾಟಿ ಇಳಿದು ಈದ್ ಮುಗಿದ ಊರಿಗೆ ಹೋಗಿ ತಲುಪಿದ ದುಃಖವೂ ಒಮ್ಮೆ ಆಗಿದೆ.

ಹೊಸ ಬಾಡಿಗೆ ಮನೆಯಲ್ಲಿ ಕಿಬ್ಲಾ, ಅಂದರೆ ನಮಾಝಿಗೆ ಮುಖ ಮಾಡುವ ದಿಕ್ಕು, ಯಾವ ಕಡೆ?

ಪಶ್ಚಿಮದಿಂದ ಬಲಕ್ಕೆ, ಅಂದರೆ ಉತ್ತರದತ್ತ, ಹದಿನೆಂಟು ಡಿಗ್ರಿಯಷ್ಟು ತಿರುಗಿ. ಕಬ್ಬಿಣದ ಮಂಚದ ಮೇಲೆ ಮೊಬೈಲ್ ಇಟ್ಟು ದಿಕ್ಕು ನೋಡಬೇಡಿ.

ಮಕ್ಕಳಿಗೆ ದೀನನ್ನು ಯಾವ ಭಾಷೆಯಲ್ಲಿ ಕಲಿಸಬೇಕು? ಉರ್ದು ಬಾರದಿದ್ದರೆ ದೀನ್ ಕೈತಪ್ಪುವುದಿಲ್ಲವೇ?

ಈ ಪುಟ ಬರೆಯಲು ಕೂತದ್ದೇ ಈ ಪ್ರಶ್ನೆಗಾಗಿ.

ಕುರ್‌ಆನ್ ಅರಬಿಯಲ್ಲೇ ಓದಬೇಕು, ನಮಾಝ್ ಅರಬಿಯಲ್ಲೇ. ಅದರಲ್ಲಿ ಮಾತಿಲ್ಲ. ಆದರೆ ಅರ್ಥ ತಲೆಗೆ ಹೋಗುವುದು ಮಗು ಕನಸು ಕಾಣುವ ಭಾಷೆಯಲ್ಲಿ. ಬೆಂಗಳೂರಿನಲ್ಲಿ ಬೆಳೆದ ಬ್ಯಾರಿ ಮಗುವಿಗೆ ಮನೆಯಲ್ಲಿ ಅರ್ಧ ಬ್ಯಾರಿ, ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ಕನ್ನಡ, ಮಸೀದಿಯಲ್ಲಿ ಉರ್ದು. ಬಯಾನ್ (ಉಪದೇಶ) ನಡೆಯುವಾಗ ಅದು ಕಾರ್ಪೆಟ್ಟಿನ ನೂಲು ಕೀಳುತ್ತ ಕೂರುತ್ತದೆ. ಉರ್ದು ಮನೆಮಾತಿನ ಮಕ್ಕಳ ಕಥೆಯೂ ಈಗ ಬೇರೆಯಲ್ಲ. ‘ನಕ್ಕೊ’ ‘ಹೌ’ ಎಂದು ದಖನಿ ಆಡುತ್ತಾರೆ, ಮೌಲಾನಾರ ಲಕ್ನೋ ಉರ್ದು ಬಂದಾಗ ಅವರೂ ನೂಲು ಕೀಳುತ್ತಾರೆ.

ಉರ್ದುವಿನ ಮೇಲೆ ನನಗೆ ಮುನಿಸಿಲ್ಲ. ಅದರಲ್ಲಿರುವ ತಫ್ಸೀರ್ (ಕುರ್‌ಆನಿನ ವಿವರಣೆ), ಹದೀಸ್ ಭಂಡಾರಕ್ಕೆ ಕನ್ನಡದಲ್ಲಿ ಇನ್ನೂ ಸಾಟಿಯಿಲ್ಲ. ಆಲಿಮ್ ಆಗುವ ಹುಡುಗ ಅದನ್ನು ಕಲಿಯಲೇಬೇಕು. ಉರ್ದುವೇ ದೀನ್, ಕನ್ನಡ ಬರೀ ಸರ್ಕಾರಿ ಅರ್ಜಿಯ ಭಾಷೆ ಅನ್ನುವ ಭಾವನೆ ಇದೆಯಲ್ಲ, ಅದರ ಜೊತೆಗೆ ನನ್ನ ತಕರಾರು.

ಪೋಲೆಂಡ್, ಲಿಥುವೇನಿಯ, ಬೆಲಾರೂಸ್ ಕಡೆ ಲಿಪ್ಕಾ ತಾತಾರರೆಂಬ ಮುಸ್ಲಿಮರಿದ್ದಾರೆ. ಹದಿನಾಲ್ಕನೇ ಶತಮಾನದಲ್ಲಿ ಹೋಗಿ ನೆಲೆ ನಿಂತವರು. ಸುತ್ತ ಎತ್ತ ನೋಡಿದರೂ ಕ್ರೈಸ್ತರು. ಕೆಲವೇ ತಲೆಮಾರಿನಲ್ಲಿ ಅವರ ತುರ್ಕಿ ಮಾತು ಮರೆತೇ ಹೋಯಿತು. ದೀನ್ ಹೋಯಿತಾ? ಅವರು ಬೆಲಾರೂಸಿ, ಪೋಲಿಷ್ ಮಾತನ್ನೇ ಅರಬಿ ಅಕ್ಷರದಲ್ಲಿ ಬರೆದರು. ಪ್ರವಾದಿಗಳ ಕಥೆ, ನಮಾಝಿನ ಕ್ರಮ, ದುಆ, ಎಲ್ಲ. ಆ ಪುಸ್ತಕಗಳಿಗೆ ಅವರು ಕರೆಯುವುದು ‘ಕಿತಾಬ್’ ಎಂದೇ. ಪೋಲೆಂಡಿನ ಕ್ರುಶಿನ್ಯಾನಿ ಎಂಬ ಹಳ್ಳಿಯಲ್ಲಿ ಅವರ ಮರದ ಮಸೀದಿ ಇವತ್ತಿಗೂ ನಿಂತಿದೆ. ಗುಟ್ಟಿನಲ್ಲಿ ದೀನ್ ಹಿಡಿದ ಸ್ಪೇನಿನವರು ಸ್ಪ್ಯಾನಿಷನ್ನು ಅರಬಿ ಲಿಪಿಯಲ್ಲಿ ಬರೆದಿಟ್ಟರು. ಚೀನಾದ ಹುಯಿ ಮುಸ್ಲಿಮರಲ್ಲಿ ಲಿಯು ಝಿಯಂಥ ವಿದ್ವಾಂಸರು ಹದಿನೆಂಟನೇ ಶತಮಾನದ ಹೊತ್ತಿಗೆ ಚೀನೀ ಭಾಷೆಯಲ್ಲೇ, ಕನ್ಫ್ಯೂಷಿಯಸ್ ಪಂಥದವರಿಗೂ ತಿಳಿಯುವ ಮಾತಿನಲ್ಲೇ, ತೌಹೀದ್ (ದೇವರೊಬ್ಬನೇ ಎಂಬ ತತ್ವ) ವಿವರಿಸಿದರು. ಅಲ್ಲಿನ ಹೆನಾನ್ ಪ್ರಾಂತ್ಯದಲ್ಲಿ ಹೆಂಗಸರದೇ ಮಸೀದಿಗಳಿವೆ, ಪಾಠ ಹೇಳುವವರೂ ಹೆಂಗಸರೇ. ನಮ್ಮ ಪಕ್ಕದ ಕೇರಳದ ಅರಬಿ ಮಲಯಾಳಂ, ತಮಿಳುನಾಡಿನ ಅರ್ವಿ ಕೂಡ ಊರಿನ ಮಾತನ್ನು ಅರಬಿ ಅಕ್ಷರದಲ್ಲಿ ಬರೆದವೇ. ನಮ್ಮ ಅಜ್ಜಿಯಂದಿರು ಅರಬಿ ಮಲಯಾಳದ ಮಾಲೆ ಪದ್ಯಗಳನ್ನು ಹಾಡಿ ದೀನ್ ಕಲಿತರು. ಅವರಿಗೆ ಉರ್ದುವಿನ ಒಂದಕ್ಷರ ಬರುತ್ತಿರಲಿಲ್ಲ.

ಕನ್ನಡದಲ್ಲಿ ಕಲಿಸಲು ಹೊರಟರೆ ತೊಡಕಿಲ್ಲ ಎಂದಲ್ಲ. ಅರಬಿಯ ‘ದ್ವಾದ್’ ಅಕ್ಷರವನ್ನೇ ತೆಗೆದುಕೊಳ್ಳಿ. ನಾವು ಕರಾವಳಿಯವರು ಅದನ್ನು ‘ಳ’ ಮಾಡುತ್ತೇವೆ: ರಮಳಾನ್, ಫರ್ಳ್, ವುಳೂ. ಉರ್ದುವಿನವರು ‘ಝ’ ಮಾಡುತ್ತಾರೆ: ರಮಝಾನ್, ಫರ್ಝ್, ವುಝೂ. ಅರಬರು ಎರಡನ್ನೂ ಕೇಳಿ ನಗುತ್ತಾರೆ. ನಮ್ಮ ತರಗತಿಯಲ್ಲಿ ಒಂದೇ ಬೆಂಚಿನಲ್ಲಿ ರಮಳಾನಿನವನೂ ರಮಝಾನಿನವನೂ ಕೂತು ಒಬ್ಬರನ್ನೊಬ್ಬರು ತಿದ್ದುತ್ತಿರುತ್ತಾರೆ. ಅದಕ್ಕೇ ಕುರ್‌ಆನಿನ ಮೊದಲ ಅಧ್ಯಾಯ ಫಾತಿಹವನ್ನು ಕನ್ನಡ ಅಕ್ಷರದಲ್ಲಿ ಬರೆದು ಬಾಯಿಪಾಠ ಮಾಡಿಸಬೇಡಿ. ಅರಬಿ ಅಕ್ಷರ ಕಲಿಸಿ, ಉಸ್ತಾದರ ತುಟಿ ನೋಡಿ ಕಲಿಯಲಿ.

ಪದಗಳ ವಿಷಯದಲ್ಲೂ ನಾವು ಎಡವಿದ್ದೇವೆ. ಮೊದಲ ವರ್ಷ ನಾನು ಬಹಳ ಗತ್ತಿನಿಂದ ಬೋರ್ಡಿನ ಮೇಲೆ ‘ತೌಹೀದ್ = ಏಕದೇವತ್ವ’ ಎಂದು ಬರೆದೆ. ಮಕ್ಕಳು ಚೆನ್ನಾಗಿ ಕಾಪಿ ಮಾಡಿಕೊಂಡರು. ಮುಂದಿನ ವಾರ ಏಕದೇವತ್ವ ಅಂದರೇನು ಎಂದು ಕೇಳಿದರೆ ಒಬ್ಬ ಎದ್ದು ನಿಂತು ‘ತೌಹೀದ್’ ಎಂದ. ತೌಹೀದ್ ಅಂದರೆ? ‘ಏಕದೇವತ್ವ.’ ಹಿಂದಿನ ಸಾಲಿನಲ್ಲಿದ್ದ ಅವನ ತಂಗಿ, ಪಾಠಕ್ಕೇ ಸೇರದವಳು, ಅಣ್ಣನಿಗೆ ಕಾಯಲು ಕೂತವಳು, ‘ಅವನೊಬ್ಬನೇ, ಇನ್ನೊಬ್ಬ ಇಲ್ಲ’ ಎಂದಳು. ಅಂದಿನಿಂದ ಬೋರ್ಡಿನ ಮೇಲೆ ಅದನ್ನೇ ಬರೆಯುತ್ತೇನೆ.

ಕನ್ನಡ ನಮ್ಮದಲ್ಲ ಅನ್ನುವವರಿಗೆ ಪಟ್ಟಿ ಕೊಡುವ ಚಾಳಿ ನನಗಿಲ್ಲ. ಆದರೂ ದೇವನಹಳ್ಳಿಯಲ್ಲಿ ಹುಟ್ಟಿದ ನಿಸಾರ್ ಅಹಮದರನ್ನು, 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪಡೆದ ಹಾಸನದ ಬಾನು ಮುಷ್ತಾಕರನ್ನು, ಶಿಶುನಾಳ ಶರೀಫರನ್ನು ಒಮ್ಮೆ ನೆನೆಯಿರಿ. ಅವರು ಎರವಲು ಭಾಷೆಯಲ್ಲಿ ಬರೆದರು ಎಂದು ಯಾರಾದರೂ ಹೇಳಿಯಾರಾ?

ಹಾಗಾದರೆ ಜುಮಾ ಖುತ್ಬಾವೂ, ಅಂದರೆ ಶುಕ್ರವಾರದ ನಮಾಝಿನ ವಿಧಿಬದ್ಧ ಪ್ರವಚನವೂ, ಕನ್ನಡದಲ್ಲಿ ಆಗಬಹುದಾ?

ಬೆಂಗಳೂರಿನಲ್ಲಿ ಕನ್ನಡದಲ್ಲಿ ಖುತ್ಬಾ ಆಗುವ ಮಸೀದಿಗಳು ಕೆಲವಿವೆ. ಆದರೆ ಖುತ್ಬಾ ಅರಬಿಯಲ್ಲೇ ಇರಬೇಕು ಎಂಬುದು ಇಲ್ಲಿನ ಹೆಚ್ಚಿನ ಹನಫಿ ಉಲಮಾಗಳ ನಿಲುವು, ಕರಾವಳಿಯ ಸುನ್ನಿ ಶಾಫಿಈಗಳದ್ದೂ ಅದೇ. ಅದನ್ನು ಕೆದಕಬೇಕಿಲ್ಲ. ಖುತ್ಬಾಕ್ಕೆ ಮೊದಲು ಅರ್ಧ ಗಂಟೆ ಬಯಾನ್ ಇರುತ್ತದಲ್ಲ, ಅದರ ಭಾಷೆಗೆ ಯಾವ ಕಟ್ಟೂ ಇಲ್ಲ. ಉರ್ದುವಿನ ಜೊತೆ ಹತ್ತು ನಿಮಿಷ ಕನ್ನಡ ಕೊಡಿ ಎಂದು ನಮ್ಮ ಕಮಿಟಿಗೆ ಅರ್ಜಿ ಕೊಟ್ಟೆವು. ಮೂರು ವರ್ಷ ‘ನೋಡೋಣ’ ಆಯಿತು. ಕೊನೆಗೆ ಒಪ್ಪಿದರು, ಆದರೆ ಹೇಳುವವರು ಬೇಕಲ್ಲ. ಕನ್ನಡದಲ್ಲಿ ನಿರರ್ಗಳ ಮಾತಾಡುವ ಆಲಿಮರು ಕಡಿಮೆ. ಮದ್ರಸದ ಪಠ್ಯವೆಲ್ಲ ಉರ್ದು ಆದಾಗ ಬೇರೇನಾಗುತ್ತದೆ?

ನಮ್ಮ ಮದುವೆ, ಆಸ್ತಿ ವಿಷಯ ಯಾವ ಕಾನೂನಿಗೆ ಬರುತ್ತದೆ?

1937ರ ಶರೀಅತ್ ಕಾಯ್ದೆಯಂತೆ ಮದುವೆ, ವಿಚ್ಛೇದನ, ಕೃಷಿ ಭೂಮಿ ಬಿಟ್ಟು ಉಳಿದ ಆಸ್ತಿಯ ವಾರಸು ಮುಸ್ಲಿಂ ವೈಯಕ್ತಿಕ ಕಾನೂನಿಗೆ ಬರುತ್ತದೆ. ಒಂದೇ ಉಸಿರಿನ ಮೂರು ತಲಾಖ್ 2019ರ ಕಾಯ್ದೆಯಿಂದ ಅಪರಾಧ. ಧರ್ಮ ಪಾಲಿಸುವ ಹಕ್ಕು ಸಂವಿಧಾನದ 25ನೇ ವಿಧಿ, ನಮ್ಮದೇ ಶಾಲೆ ಕಾಲೇಜು ನಡೆಸುವ ಹಕ್ಕು 30ನೇ ವಿಧಿ. 1966ರಲ್ಲಿ ಡಾ. ಮುಮ್ತಾಝ್ ಅಹ್ಮದ್ ಖಾನ್ ಬೆಂಗಳೂರಿನಲ್ಲಿ ಅಲ್ ಅಮೀನ್ ಸಂಸ್ಥೆ ಕಟ್ಟಿದ್ದು ಈ ಬಾಗಿಲಿನಿಂದಲೇ.

ನನಗೆ ಇಲ್ಲಿ ಸ್ವಾರಸ್ಯವಾಗಿ ಕಾಣುವುದು ಕಚ್ಛೀ ಮೇಮನರ ಪ್ರಸಂಗ. ಅವರ ಹಿರಿಯರು ಸಿಂಧ್, ಕಚ್ಛ್ ಕಡೆ ಇಸ್ಲಾಂ ಒಪ್ಪಿದ ಹಿಂದೂ ವ್ಯಾಪಾರಿಗಳು. ನಮಾಝ್, ರೋಜಾ ಎಲ್ಲ ಹಿಡಿದರು, ಆಸ್ತಿ ಪಾಲಿನಲ್ಲಿ ಮಾತ್ರ ಹಳೆಯ ಹಿಂದೂ ಪದ್ಧತಿ ಬಿಡಲಿಲ್ಲ. ಕುರ್‌ಆನ್ ಮಗಳಿಗೆ ಪಾಲು ಕೊಡಿ ಅನ್ನುತ್ತದೆ, ಇವರ ರೂಢಿ ಕೊಡಬೇಡ ಅನ್ನುತ್ತಿತ್ತು. 1847ರಲ್ಲಿ ಬಾಂಬೆಯ ಕೋರ್ಟು ರೂಢಿಯನ್ನೇ ಎತ್ತಿಹಿಡಿಯಿತು. ಅದು ಸರಿಯಾಗಲು 1938ರ ಕಚ್ಛೀ ಮೇಮನ್ ಕಾಯ್ದೆ ಬರಬೇಕಾಯಿತು. ತೊಂಬತ್ತಕ್ಕೂ ಹೆಚ್ಚು ವರ್ಷ ಹೆಣ್ಣುಮಕ್ಕಳ ಪಾಲನ್ನು ತಡೆದದ್ದು ಹೊರಗಿನ ದೊರೆಯೂ ಅಲ್ಲ, ಅಲ್ಪಸಂಖ್ಯಾತರಾಗಿದ್ದದ್ದೂ ಅಲ್ಲ. ನಮ್ಮ ಕಡೆಯೂ ‘ತಂಗಿ ಪಾಲು ಬೇಡ ಅಂದಳು’ ಎಂದು ಸಹಿ ಹಾಕಿಸಿಕೊಳ್ಳುವ ಅಣ್ಣಂದಿರಿಗೇನೂ ಬರವಿಲ್ಲ.

ಬಡ್ಡಿಯಿಲ್ಲದೆ ಬೆಂಗಳೂರಿನಲ್ಲಿ ಮನೆ ಕೊಳ್ಳುವುದು ಹೇಗೆ?

ಸುಲಭದ ದಾರಿ ಇಲ್ಲ. 1999ರಲ್ಲಿ ಯುರೋಪಿನ ಫತ್ವಾ ಮಂಡಳಿ, ಇರಲು ಮನೆಯೇ ಇಲ್ಲದ ಅಲ್ಪಸಂಖ್ಯಾತರು ಬೇರೆ ದಾರಿ ಕಾಣದಿದ್ದರೆ ಮೊದಲ ಮನೆಗೆ ಬ್ಯಾಂಕ್ ಸಾಲ ಪಡೆಯಬಹುದು ಎಂದಿತು. ಬೇರೆ ಅನೇಕ ಉಲಮಾಗಳು ಅದನ್ನು ಒಪ್ಪಲಿಲ್ಲ. ನಾನಿನ್ನೂ ಬಾಡಿಗೆ ಮನೆಯಲ್ಲಿದ್ದೇನೆ. ಅದರಲ್ಲಿ ದೀನಿನ ಪಾಲೆಷ್ಟು ಸಂಬಳದ ಪಾಲೆಷ್ಟು ಎಂದು ಕೇಳಬೇಡಿ.

ಒಂದು ಎಚ್ಚರಿಕೆ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ‘ಹಲಾಲ್ ಲಾಭ’ ಎಂದು ತಿಂಗಳು ತಿಂಗಳು ದುಡ್ಡು ಕೊಡುತ್ತೇವೆ ಅನ್ನುವವರನ್ನು ನಂಬುವ ಮೊದಲು 2019ರ ಶಿವಾಜಿನಗರವನ್ನು ನೆನೆಯಿರಿ. ಅಂಥದೊಂದು ಕಂಪನಿ ಬಾಗಿಲು ಹಾಕಿದಾಗ ಸಾವಿರಾರು ಜನ ರಸ್ತೆಯಲ್ಲಿ ಕಾಗದ ಹಿಡಿದು ನಿಂತಿದ್ದರು. ನಮ್ಮ ಕೆಳಗಿನ ಮನೆಯ ದರ್ಜಿ ಮಗಳ ಮದುವೆಗೆಂದು ಇಟ್ಟದ್ದು ಅಲ್ಲೇ ಹೋಯಿತು. ಬಡ್ಡಿಗೆ ಹೆದರಿ ಬ್ಯಾಂಕಿಗೆ ಕಾಲಿಡದಿದ್ದ ಮನುಷ್ಯ ಅವನು.

ಹೆಸರು ಕೇಳಿದ ಕೂಡಲೇ ಮನೆ ‘ಈಗಷ್ಟೇ ಹೋಯಿತು’ ಅನ್ನುತ್ತಾರೆ. ಏನು ಮಾಡೋದು?

ನನಗೂ ಮೂರು ಸಲ ಆಗಿದೆ. ಅದಕ್ಕೇ ನಾವೆಲ್ಲ ಟ್ಯಾನರಿ ರೋಡ್, ನೀಲಸಂದ್ರ, ಗೋರಿಪಾಳ್ಯ, ಇಲಿಯಾಸ್ ನಗರ ಎಂದು ಕೆಲವೇ ಕಡೆ ಒತ್ತೊತ್ತಾಗಿ ಇರುವುದು. ಮಸೀದಿ ಹತ್ತಿರ ಎಂಬ ಅನುಕೂಲವನ್ನು ಆಮೇಲೆ ಕಂಡುಕೊಂಡೆವು. ನಾಲ್ಕನೇ ಸಲ ಮನೆ ಕೊಟ್ಟವರು ಒಬ್ಬರು ಅಯ್ಯಂಗಾರ್ ಅಜ್ಜಿ. ಮಾಂಸ ಬೇಯಿಸುವ ದಿನ ಕಿಟಕಿ ಹಾಕಿಕೊಳ್ಳಿ ಎಂಬುದೊಂದೇ ಷರತ್ತು. ಒಂಬತ್ತು ವರ್ಷ ಹಾಕಿಕೊಂಡೆವು.

ಬೆಂಗಳೂರಿನಲ್ಲಿ ಯಾರಾದರೂ ತೀರಿಕೊಂಡರೆ ಊರಿಗೆ ಒಯ್ಯಬೇಕಾ?

ತೀರಿದಲ್ಲೇ, ಬೇಗ ದಫನ್ ಮಾಡುವುದು ಸುನ್ನತ್, ಅಂದರೆ ಪ್ರವಾದಿಯವರ ಪದ್ಧತಿ. ಆದರೆ ಇಲ್ಲಿನ ಖಬರಸ್ಥಾನಗಳಲ್ಲಿ ಸಾಮಾನ್ಯವಾಗಿ ನಿಮ್ಮ ಮೊಹಲ್ಲಾ ಮಸೀದಿಯ ಚೀಟಿ ಕೇಳುತ್ತಾರೆ. ಅಪಾರ್ಟ್‌ಮೆಂಟಿಗೆ ಬಂದು ಐದು ವರ್ಷವಾದರೂ ಯಾವ ಮಸೀದಿಯ ಜಮಾಅತ್‌ನಲ್ಲೂ ಹೆಸರು ಬರೆಸದವರು ಆ ರಾತ್ರಿ ಒದ್ದಾಡುತ್ತಾರೆ. ಆದ್ದರಿಂದ ಮನೆ ಬದಲಾಯಿಸಿದ ವಾರವೇ ಹತ್ತಿರದ ಮಸೀದಿಯಲ್ಲಿ ಸದಸ್ಯರಾಗಿ. ನನ್ನ ಮಾವ ಮಳೆಗಾಲದಲ್ಲಿ ಇಲ್ಲಿ ತೀರಿಕೊಂಡಾಗ ಶಿರಾಡಿ ಘಾಟಿ ಗುಡ್ಡ ಕುಸಿದು ಬಂದ್ ಆಗಿತ್ತು. ಊರಿನ ಮಣ್ಣಿಗೆ ಒಯ್ಯಲೇಬೇಕೆಂದು ಹಟ ಹಿಡಿದಿದ್ದ ಮನೆಯವರು ಇಲ್ಲೇ ಆಗಲಿ ಎಂದರು. ಅಸರ್ ಆದ ಮೇಲೆ ಮಯ್ಯಿತ್ ನಮಾಝ್. ಹನಫಿ ಅಸರ್. ಹೆಗಲು ಕೊಟ್ಟವರಲ್ಲಿ ಅರ್ಧ ಜನರ ಹೆಸರು ನನಗೆ ಗೊತ್ತಿರಲಿಲ್ಲ.

ಭಾನುವಾರದ ತರಗತಿಗೆ ಮಗುವನ್ನು ಸೇರಿಸುವುದು ಹೇಗೆ?

ಏಳು ವರ್ಷ ತುಂಬಿರಲಿ. ಬೆಳಗ್ಗೆ 8.30ಕ್ಕೆ ಮೇಲಂತಸ್ತಿಗೆ ಕಳಿಸಿ, ಹಿಂದಿನ ಮೆಟ್ಟಿಲಿನಿಂದ, ಮುಂದಿನದು ನಮಾಝಿಗಳದ್ದು. ಫೀಸಿಲ್ಲ. ಇನ್ನೂರು ಪುಟದ ಗೆರೆ ಹಾಕಿದ ನೋಟ್‌ಬುಕ್ ಒಂದು ಇರಲಿ. ಎಡಗಡೆಯಿಂದ ಕನ್ನಡ, ಬಲಗಡೆಯಿಂದ ಅರಬಿ ಬರೆಸುತ್ತೇವೆ, ನಡುವೆ ಎಲ್ಲೋ ಸೇರುತ್ತದೆ. ಪೆನ್ಸಿಲ್ ನಾವೇ ಕೊಡುತ್ತೇವೆ. ಚಪ್ಪಲಿಗೆ ಹೆಸರು ಬರೆದು ಕಳಿಸಿ.